ಕಾಲುವೆ ತೋಡಿದ್ದಾಯ್ತು, ನೀರು ಯಾವಾಗ? ತಾನೇ ಓಡುವ ಕಾರಿಗೆ ಕೊಡುವ ಮುಂಗಡದ ಲೆಕ್ಕ

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ಕುಡತಿನಿ ದಾಟಿದ ಮೇಲೆ ರಸ್ತೆ ಪಕ್ಕ ಒಂದು ಹೋಟೆಲ್ ಸಿಗುತ್ತದೆ. ಅದರ ಹಿಂದುಗಡೆ ಎರಡು ಫಾಸ್ಟ್ ಚಾರ್ಜರ್ ಇವೆ. ಎರಡರಲ್ಲಿ ಒಂದು ಯಾವಾಗಲೂ ಕೆಟ್ಟಿರುತ್ತದೆ. ಹಾಗಾಗಿ ಕಾಯಬೇಕು. ಕಾಯುವಾಗ ಒಗ್ಗಾಣಿ-ಮಿರ್ಚಿ ತಿನ್ನಬೇಕು, ಮಾತಾಡಬೇಕು. ಎಲೆಕ್ಟ್ರಿಕ್ ಕಾರು ಇಟ್ಟುಕೊಂಡ ನಾವು ನಾಲ್ಕೈದು ಜನ ಪರಿಚಯವಾದದ್ದೇ ಹೀಗೆ.

ಹೋದ ತಿಂಗಳು ಅಲ್ಲಿ ಸಿರುಗುಪ್ಪದ ರೈಸ್ ಮಿಲ್ ಸಾಹುಕಾರರು ಸಿಕ್ಕಿದ್ದರು. ಈಗಿರುವ ಕಾರನ್ನು ಮಗನಿಗೆ ಕೊಟ್ಟು ದೊಡ್ಡದೊಂದು ತಗೊಳ್ಳುವ ಯೋಚನೆ ಅವರದು. ಮುಂಬೈಗೆ ಹೋದಾಗ ಅಮೆರಿಕದ ಎಲೆಕ್ಟ್ರಿಕ್ ಕಾರು ಕಂಪನಿ ಟೆಸ್ಲಾದ ಶೋರೂಮಿಗೂ ಕಾಲಿಟ್ಟು ಬಂದಿದ್ದರು. ಆ ಕಂಪನಿ ನಮ್ಮ ದೇಶದಲ್ಲಿ ಅಂಗಡಿ ತೆರೆದದ್ದು 2025ರ ಜುಲೈನಲ್ಲಿ. ಮಾಡೆಲ್ ವೈ ಬೆಲೆ ಆಗ ₹59.89 ಲಕ್ಷದಿಂದ ಶುರು. ‘ಫುಲ್ ಸೆಲ್ಫ್ ಡ್ರೈವಿಂಗ್’ ಬೇಕೆಂದರೆ ಇನ್ನೂ ₹6 ಲಕ್ಷ ಅಂತ ಬೆಲೆಪಟ್ಟಿಯಲ್ಲಿತ್ತು.

"ಆರು ಲಕ್ಷ ಜಾಸ್ತಿ ಕೊಟ್ರೆ ಗಾಡಿ ತಾನೇ ಓಡ್ತೈತೇನ್ರಿ ಮೇಷ್ಟ್ರೇ?" ಎಂದು ಕೇಳಿದರು.

ರಾಯಚೂರಿನ ಕಾಲೇಜು ಮೇಷ್ಟ್ರು ಮಿರ್ಚಿ ಮುರಿಯುತ್ತಾ, "ಈಗ ಓಡಂಗಿಲ್ರಿ ಸಾವ್ಕಾರ್ರೆ. ಮುಂದ ಓಡ್ತದ ಅಂತಾರ" ಎಂದರು.

"ಮುಂದೆ ಅಂದ್ರೆ? ಈ ಬೆಳೆಗೋ, ಮುಂದಿನ ಬೆಳೆಗೋ?"

ಯಾರೂ ಉತ್ತರ ಕೊಡಲಿಲ್ಲ. ಸಾಹುಕಾರರು ಬೆರಳಲ್ಲೇ ಲೆಕ್ಕ ಹಾಕಿದರು. ಅವರ ಡ್ರೈವರ್‌ಗೆ ತಿಂಗಳಿಗೆ ಹದಿನೆಂಟು ಸಾವಿರ. "ಆರು ಲಕ್ಷ ಅಂದ್ರೆ ಅವನ ಮೂವತ್ಮೂರು ತಿಂಗಳ ಪಗಾರ ನೋಡ್ರಿ. ಅವನು ಇವತ್ತೇ ಓಡಿಸ್ತಾನೆ."

ಕ್ಯಾಮೆರಾ, ರಾಡಾರ್, ಕಂಪ್ಯೂಟರ್ ಅಂತ ಆಮೇಲೆ ಏನೇನೋ ಮಾತಾಡಿದೆವು. ಮನೆಗೆ ಬಂದ ಮೇಲೆ ಅನ್ನಿಸಿತು, ಇಡೀ ಜಗಳ ಮುಂಗಡದ್ದು. ಇನ್ನೂ ಕೈಗೆ ಬಾರದ ವಸ್ತುವಿಗೆ ಇವತ್ತು ಎಷ್ಟು ಕೊಡಬೇಕು? ಬರುವುದು ತಡವಾದರೆ, ಅಥವಾ ಬರದೇ ಹೋದರೆ, ಯಾರನ್ನು ಹಿಡಿಯಬೇಕು? ನಮ್ಮ ಕಡೆಯ ದಲಾಲಿ ಅಂಗಡಿಗಳಲ್ಲಿ ಮುಂಗಡಕ್ಕೆ ಚೀಟಿ ಇರುತ್ತದೆ, ಬೆಳೆ ಬರುವ ಕಾಲ ಇರುತ್ತದೆ. ಸಾಫ್ಟ್‌ವೇರ್ ಮುಂಗಡಕ್ಕೆ ರಸೀದಿ ಮಾತ್ರ ಇದೆ, ತಾರೀಖು ಇಲ್ಲ.

ಹಂತ 2 ಅಂದರೆ ಯಾರು ಓಡಿಸುತ್ತಿದ್ದಾರೆ?

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ 2014ರಲ್ಲಿ ಒಂದು ಪಟ್ಟಿ ಮಾಡಿತು. ಸೊನ್ನೆಯಿಂದ 5ರವರೆಗೆ ಆರು ಹಂತ. ಸೊನ್ನೆಯಲ್ಲಿ ಎಲ್ಲ ಕೆಲಸ ನಿಮ್ಮದು. 5ರಲ್ಲಿ ಸ್ಟಿಯರಿಂಗ್ ಇಲ್ಲದಿದ್ದರೂ ನಡೆಯುತ್ತದೆ. ಹಂತ 2ರಲ್ಲಿ ಗಾಡಿ ವೇಗವನ್ನೂ ನೋಡಿಕೊಳ್ಳುತ್ತದೆ, ಸ್ಟಿಯರಿಂಗನ್ನೂ ತಿರುಗಿಸುತ್ತದೆ. ಆದರೆ ಕಣ್ಣು ರಸ್ತೆ ಮೇಲೆ ಇರಬೇಕಾದ್ದು ನಿಮ್ಮದೇ. ಹಂತ 3ರಲ್ಲಿ ಕಂಪನಿ ಹೇಳಿದ ಸಂದರ್ಭದಲ್ಲಿ, ಹೇಳಿದ ರಸ್ತೆಯಲ್ಲಿ, ಓಡಿಸುವುದು ಗಾಡಿ. ನೀವು ಕರೆದಾಗ ಬಂದರೆ ಸಾಕು. ಮರ್ಸಿಡಿಸ್ ಕಂಪನಿ 2022ರಲ್ಲಿ ಜರ್ಮನಿಯಲ್ಲಿ ಇಂಥದ್ದೊಂದನ್ನು ಮಾರಾಟಕ್ಕೆ ತಂದಿತು. ಅದೂ ಹೆದ್ದಾರಿಗಳಲ್ಲಿ ಮಾತ್ರ, ಗಂಟೆಗೆ 60 ಕಿಲೋಮೀಟರ್ ಒಳಗೆ.

ನಮ್ಮಲ್ಲಿ ಮಾರುವ ‘ಅಡಾಸ್’ (ಚಾಲಕರಿಗೆ ನೆರವಾಗುವ ವ್ಯವಸ್ಥೆ) ಕಾರುಗಳೆಲ್ಲ ಹಂತ 2ರ ಒಳಗಿನವೇ. ಮುಂದಿನ ಗಾಡಿಯ ವೇಗಕ್ಕೆ ತಕ್ಕಂತೆ ತಾನೇ ನಿಧಾನವಾಗುವ ಕ್ರೂಸ್, ಗೆರೆ ದಾಟದಂತೆ ಸ್ಟಿಯರಿಂಗ್ ಎಳೆಯುವುದು, ಡಿಕ್ಕಿಯಾಗುವಂತಿದ್ದರೆ ತಾನೇ ಬ್ರೇಕ್ ಹಾಕುವುದು, ಪಕ್ಕದಲ್ಲಿ ಬೈಕ್ ಬಂದರೆ ಕನ್ನಡಿಯಲ್ಲಿ ದೀಪ ಹತ್ತುವುದು, ಇಂಥವು. ‘ಹಂತ 2 ಪ್ಲಸ್’ ಅಂತ ಜಾಹೀರಾತಲ್ಲಿ ನೋಡಿರುತ್ತೀರಿ. ಆ ಪ್ಲಸ್ಸು ಎಸ್‌ಎಇ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದು ಮಾರಾಟದವರು ಅಂಟಿಸಿದ್ದು.

ಟೆಸ್ಲಾದ ‘ಫುಲ್ ಸೆಲ್ಫ್ ಡ್ರೈವಿಂಗ್’ ಕೂಡ, ಹೆಸರಲ್ಲಿ ಫುಲ್ ಇದ್ದರೂ, ಗಿರಾಕಿಗಳ ಕೈಯಲ್ಲಿ ಇರುವುದು ಹಂತ 2ರದ್ದೇ. ಇದನ್ನು ಕಂಪನಿಯವರೇ ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆಗೆ ಬರೆದುಕೊಟ್ಟಿದ್ದಾರೆ. 2024ರಲ್ಲಿ ಹೆಸರಿನ ಪಕ್ಕ ‘ಸೂಪರ್‌ವೈಸ್ಡ್’ ಅಂತ ಸೇರಿತು. ಅಂದರೆ ಮೇಲ್ವಿಚಾರಣೆ ನಿಮ್ಮದು ಎಂದರ್ಥ. ಪೂರ್ತಿ ತಾನೇ ಓಡುತ್ತದೆ, ನೀವು ಮಾತ್ರ ಕಣ್ಣು ಮುಚ್ಚಬೇಡಿ. ಈ ಹೆಸರನ್ನು ಸಾಹುಕಾರರಿಗೆ ಬಿಡಿಸಿ ಹೇಳಿದಾಗ ಅವರು ನಕ್ಕಿದ್ದು ಹೋಟೆಲ್ಲಿಗೆಲ್ಲ ಕೇಳಿಸಿತು.

ಗಿಡದ ಟೊಂಗೆಯ ಭಾಷೆ

ನನ್ನ ಕಾರಿನಲ್ಲೂ ಅಡಾಸ್ ಇದೆ. ಎರಡು ವರ್ಷದಿಂದ ಬಳಸುತ್ತಿದ್ದೇನೆ. ಅದು ಪ್ರಯೋಜನವಿಲ್ಲ ಅಂತ ನಾನು ಹೇಳುವುದಿಲ್ಲ. ಹೊಸಪೇಟೆಯಿಂದ ಕುಷ್ಟಗಿ ಕಡೆಗೆ 50ನೇ ಹೆದ್ದಾರಿ ಹಿಡಿದರೆ ನಾಲ್ಕು ಪಥದ ಒಳ್ಳೆ ರಸ್ತೆ. ಹಿಟ್ನಾಳ ಟೋಲ್ ದಾಟಿದ ಮೇಲೆ 80ಕ್ಕೆ ಕ್ರೂಸ್ ಹಾಕಿಬಿಟ್ಟರೆ ಕಾಲಿಗೆ ಆರಾಮ. ಎದುರಿನ ಲಾರಿ ನಿಧಾನವಾದರೆ ಗಾಡಿಯೂ ನಿಧಾನವಾಗುತ್ತದೆ. ಇಳಿಹೊತ್ತಲ್ಲಿ ದಣಿದು ಬರುವಾಗ ಇದು ನಿಜವಾಗಲೂ ನೆರವು.

ಸಿರುಗುಪ್ಪ-ಸಿಂಧನೂರು ರಸ್ತೆಗೆ ತಿರುಗಿದರೆ ಕಥೆಯೇ ಬೇರೆ. ಸುಗ್ಗಿ ಹೊತ್ತಲ್ಲಿ ಅರ್ಧ ರಸ್ತೆ ಭತ್ತದ ಕಣ. ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ, ಗಾಡಿ ಹತ್ತಿಸಬಾರದು ಅಂತ. ಕಾಳಿನ ಹಾಸು ಬಿಳಿ ಗೆರೆಯನ್ನು ಮುಚ್ಚಿರುತ್ತದೆ. ಒಂದು ಸಂಜೆ ನನ್ನ ಕಾರು ಅರ್ಧ ಕಾಣುವ ಆ ಗೆರೆಯನ್ನೇ ನಂಬಿ ಎಡಕ್ಕೆ ಎಳೆಯತೊಡಗಿತು. ನಾನು ಬಲಕ್ಕೆ ಎಳೆದೆ. ಅದು ಮತ್ತೆ ಎಡಕ್ಕೆ. ಕಣದ ಪಕ್ಕ ಕೂತಿದ್ದ ಅಜ್ಜಿ ಎದ್ದು ನಿಂತು ಬೈದದ್ದು ನನಗೋ ಗಾಡಿಗೋ ಗೊತ್ತಿಲ್ಲ. ಬೈಗುಳ ತಿಂದವನು ನಾನು.

ಇನ್ನೊಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಡೆ ಲಾರಿ ಕೆಟ್ಟು ನಿಂತರೆ ಡ್ರೈವರ್ ಏನು ಮಾಡುತ್ತಾನೆ? ಪಕ್ಕದ ಜಾಲಿ ಗಿಡದಿಂದ ಒಂದು ಟೊಂಗೆ ಮುರಿದು ಲಾರಿಯ ಹಿಂದೆ ಸ್ವಲ್ಪ ದೂರದಲ್ಲಿ ಹಾಕುತ್ತಾನೆ. ನಾಲ್ಕು ಕಲ್ಲು ಜೋಡಿಸುತ್ತಾನೆ. ರಸ್ತೆ ಮೇಲೆ ಹಸಿರು ಟೊಂಗೆ ಬಿದ್ದಿದೆ ಅಂದರೆ ಮುಂದೆ ಗಾಡಿ ಕೆಟ್ಟು ನಿಂತಿದೆ ಎಂದು ಈ ಭಾಗದಲ್ಲಿ ಸ್ಟಿಯರಿಂಗ್ ಹಿಡಿದವರಿಗೆಲ್ಲ ಗೊತ್ತು. ಕಾರಿನ ಕ್ಯಾಮೆರಾಗೆ ಅದು ಸುಮ್ನೆ ಒಂದು ಟೊಂಗೆ.

ರಾಡಾರ್ ಇದೆಯಲ್ಲ, ಅದು ನೋಡಿಕೊಳ್ಳುವುದಿಲ್ಲವೇ ಅಂತ ಕೇಳಬಹುದು. ಇಲ್ಲೊಂದು ಸೂಕ್ಷ್ಮ ಇದೆ. ರಾಡಾರ್ ರೇಡಿಯೋ ಅಲೆ ಕಳಿಸಿ, ತಟ್ಟಿ ವಾಪಸ್ ಬಂದದ್ದನ್ನು ಅಳೆಯುತ್ತದೆ. ಓಡುವ ಗಾಡಿಯನ್ನು ಚೆನ್ನಾಗಿ ಹಿಡಿಯುತ್ತದೆ. ನಿಂತ ವಸ್ತುಗಳ ವಿಷಯದಲ್ಲಿ ಕಷ್ಟ. ಸೇತುವೆ, ಬೋರ್ಡು, ಕಂಬ ಎಲ್ಲದರಿಂದಲೂ ಅಲೆ ವಾಪಸ್ ಬರುತ್ತದೆ. ಎಲ್ಲದಕ್ಕೂ ಬ್ರೇಕ್ ಹಾಕಿದರೆ ಗಾಡಿ ಮುಂದೆ ಹೋಗುವುದೇ ಇಲ್ಲ. ಅದಕ್ಕೇ ವೇಗ ಜಾಸ್ತಿ ಇದ್ದಾಗ ನಿಂತ ವಸ್ತುಗಳನ್ನು ಗಣನೆಗೆ ತಗೊಳ್ಳದಂತೆ ಎಷ್ಟೋ ಕ್ರೂಸ್ ವ್ಯವಸ್ಥೆಗಳನ್ನು ಮಾಡಿರುತ್ತಾರೆ. ನಿಂತ ಗಾಡಿಯನ್ನು ಕ್ರೂಸ್ ಗುರುತಿಸದೇ ಇರಬಹುದು ಎಂಬ ಎಚ್ಚರಿಕೆ ಕಾರಿನ ಜೊತೆ ಕೊಡುವ ಪುಸ್ತಕದಲ್ಲೇ ಇರುತ್ತದೆ. ಅದನ್ನು ಓದುವವರು ಯಾರು? ನಾನು ಓದಿದ್ದೂ ಅಜ್ಜಿ ಬೈದ ಮೇಲೆಯೇ.

ತೋರಣಗಲ್ಲು, ಸಂಡೂರು ಕಡೆಯ ಕೆಂಪು ಧೂಳು ಇನ್ನೊಂದು ಪಾಡು. ಅದಿರು ಲಾರಿಗಳ ಹಿಂದೆ ಅರ್ಧ ಗಂಟೆ ಓಡಿಸಿ, ‘ಕ್ಯಾಮೆರಾಗೆ ಅಡ್ಡಿ ಇದೆ’ ಅಂತ ಪರದೆ ಮೇಲೆ ಬರುತ್ತದೆ. ಆಮೇಲೆ ಅಡಾಸ್ ಪೂರ್ತಿ ರಜೆ. ಇಳಿದು ಒರೆಸಬೇಕು.

ಇವೆಲ್ಲ ಪರಿಹಾರವಾಗದ ಸಮಸ್ಯೆಗಳು ಅಂತಲ್ಲ. ಈಗಿನ ವ್ಯವಸ್ಥೆಗಳು ವಿಡಿಯೋ ನೋಡಿ ಕಲಿಯುತ್ತವೆ. 2024ರ ಮೊದಲ ತಿಂಗಳುಗಳಲ್ಲಿ ಬಂದ ಟೆಸ್ಲಾದ 12ನೇ ಆವೃತ್ತಿಯಿಂದ, ಎಂಜಿನಿಯರುಗಳು ಬರೆದ ನಿಯಮಗಳ ಬದಲು ಲಕ್ಷಾಂತರ ವಿಡಿಯೋ ತುಣುಕುಗಳಿಂದ ಕಲಿತ ಜಾಲವೇ ಸ್ಟಿಯರಿಂಗ್ ತಿರುಗಿಸುತ್ತದೆ. 2025ರಲ್ಲಿ ಅದು ನಮ್ಮ ಹಾಗೆ ಎಡಕ್ಕೆ ಓಡಿಸುವ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೂ ಹೋಯಿತು. ಕಲಿಸಿದರೆ ಟೊಂಗೆಯ ಭಾಷೆಯನ್ನೂ ಕಲಿಯಬಹುದು. ಆದರೆ ಕಲಿಸುವವರು ಇಲ್ಲಿ ಓಡಾಡಬೇಕಲ್ಲ, ಅಲ್ವಾ? ಕಲಿಕೆಯ ಖರ್ಚನ್ನು ಮೊದಲೇ ಕೊಟ್ಟು ಕೂರುವವರು ಸಿಂಧನೂರಿನ ಗಿರಾಕಿಗಳು ಆಗಬೇಕಾ ಎಂಬುದು ನನ್ನ ತಕರಾರು.

ಬೆಲೆ ಏರಿದ, ಇಳಿದ ಕಥೆ

ಭರವಸೆಯ ಬೆಲೆ ಹೇಗೆ ಕುಣಿಯಿತು ಅನ್ನುವುದಕ್ಕೆ ಅಮೆರಿಕದ ಟೆಸ್ಲಾ ಮಾಲೀಕರ ಹತ್ತು ವರ್ಷವೇ ಸಾಕ್ಷಿ. 2016ರ ಅಕ್ಟೋಬರ್‌ನಲ್ಲಿ ಕಂಪನಿ ಒಂದು ಘೋಷಣೆ ಮಾಡಿತು. ಇನ್ನು ಮುಂದೆ ತಯಾರಾಗುವ ಎಲ್ಲ ಕಾರಲ್ಲೂ ಪೂರ್ತಿ ತಾನೇ ಓಡಲು ಬೇಕಾದ ಯಂತ್ರಾಂಶ ಇದೆ, ಸಾಫ್ಟ್‌ವೇರ್ ಆಮೇಲೆ ಬರುತ್ತದೆ ಎಂದು. ಆಗ ಚಾಲಕ ನೆರವಿನ ‘ಎನ್‌ಹಾನ್ಸ್ಡ್ ಆಟೋಪೈಲಟ್’ಗೆ 5,000 ಡಾಲರ್, ಅದರ ಮೇಲೆ ಪೂರ್ತಿ ಸ್ವಯಂಚಾಲನೆಗೆ 3,000 ಡಾಲರ್. 2017 ಮುಗಿಯುವುದರೊಳಗೆ ಅಮೆರಿಕದ ಒಂದು ತೀರದಿಂದ ಇನ್ನೊಂದು ತೀರಕ್ಕೆ ಕಾರು ತಾನೇ ಓಡಿ ತೋರಿಸುತ್ತದೆ ಎಂದರು ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್. ಓಡಲಿಲ್ಲ. 2019ರ ಏಪ್ರಿಲ್‌ನಲ್ಲಿ, ಮುಂದಿನ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ರೋಬೋಟ್ಯಾಕ್ಸಿಗಳು (ಡ್ರೈವರ್ ಇಲ್ಲದ ಟ್ಯಾಕ್ಸಿಗಳು) ರಸ್ತೆಯಲ್ಲಿರುತ್ತವೆ ಎಂದರು. ಇರಲಿಲ್ಲ.

ಬೆಲೆ ಮಾತ್ರ ಮೇಲೆ ಹೋಗುತ್ತಲೇ ಇತ್ತು. 2020ರ ಕೊನೆಗೆ 10,000 ಡಾಲರ್. 2022ರ ಜನವರಿಗೆ 12,000. ಅದೇ ವರ್ಷ ಸೆಪ್ಟೆಂಬರ್‌ಗೆ 15,000. "ಈಗಲೇ ತಗೊಳ್ಳಿ, ಸಾಫ್ಟ್‌ವೇರ್ ಸುಧಾರಿಸಿದ ಹಾಗೆ ಬೆಲೆ ಏರುತ್ತದೆ" ಅನ್ನುವುದು ಅವರ ಮಾರಾಟದ ಮಂತ್ರವಾಗಿತ್ತು. ಆಮೇಲೆ ಆದದ್ದು ಉಲ್ಟಾ. 2023ರ ಸೆಪ್ಟೆಂಬರ್‌ನಲ್ಲಿ 12,000ಕ್ಕೆ ಇಳಿಯಿತು. 2024ರ ಏಪ್ರಿಲ್‌ನಲ್ಲಿ 8,000. ತಿಂಗಳ ಬಾಡಿಗೆ 2021ರಲ್ಲಿ 199 ಡಾಲರ್ ಇದ್ದದ್ದು 99 ಆಯಿತು. ಸಾಫ್ಟ್‌ವೇರ್ ನಿಜಕ್ಕೂ ಚೆನ್ನಾಗಿ ಆಗುತ್ತಾ ಬಂದ ಕಾಲದಲ್ಲೇ ಬೆಲೆ ಅರ್ಧಕ್ಕೆ ಬಿತ್ತು. 15,000 ಕೊಟ್ಟವರ ಹೊಟ್ಟೆ ಎಷ್ಟು ಉರಿದಿರಬೇಡ!

ಇದಕ್ಕಿಂತ ದೊಡ್ಡ ಪೆಟ್ಟು ಯಂತ್ರಾಂಶದ್ದು. 2016ರಲ್ಲಿ ‘ಎಲ್ಲ ಇದೆ’ ಎಂದು ಮಾರಿದ ಕಾರುಗಳ ಕಂಪ್ಯೂಟರ್ ಸಾಲದಾಯಿತು. ಮೊದಲೇ ದುಡ್ಡು ಕಟ್ಟಿದವರಿಗೆ 2019ರಲ್ಲಿ ಬಂದ ‘ಹಾರ್ಡ್‌ವೇರ್ 3’ ಹಾಕಿಕೊಟ್ಟರು. 2023ರಲ್ಲಿ ‘ಹಾರ್ಡ್‌ವೇರ್ 4’ ಬಂತು. 2025ರ ಜನವರಿಯಲ್ಲಿ ಮಸ್ಕ್ ಕಂಪನಿಯ ಲೆಕ್ಕಪತ್ರದ ಸಭೆಯಲ್ಲೇ ಒಪ್ಪಿಕೊಂಡರು: ಸ್ವಯಂಚಾಲನೆ ಕೊಂಡವರ ಹಾರ್ಡ್‌ವೇರ್ 3 ಕಂಪ್ಯೂಟರನ್ನೂ ಬದಲಿಸಬೇಕಾಗುತ್ತದೆ ಎಂದು. ಮಾರಿದ ಕಾರು ಲಕ್ಷಗಟ್ಟಲೆ.

ಮೇಷ್ಟ್ರು ಈ ಕಥೆ ಹೇಳಿ ಮುಗಿಸಿದಾಗ ಸಾಹುಕಾರರು ಒಂದು ಮಾತು ಹೇಳಿದರು. "ಇದು ನಮ್ಮ ಕೊನೆ ಭಾಗದ ಕಾಲುವೆ ಇದ್ದಂಗೆ." ಮಾನ್ವಿ, ಸಿರವಾರ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಹೊಲದವರೆಗೂ ಬಂದಿದೆ. ನಕ್ಷೆಯಲ್ಲಿ ಆ ಜಮೀನು ನೀರಾವರಿ. ಮೇಲ್ಭಾಗದವರು ಭತ್ತ ಹಾಕಿ ನೀರು ಎಳೆದುಕೊಂಡರೆ ಕೆಳಗೆ ಬರುವುದು ಬರೀ ಕಾಲುವೆ. ಟೆಸ್ಲಾದ ಹಳೆ ಗಿರಾಕಿಗಳ ಪಾಡು ಇನ್ನೂ ಒಂದು ಹೆಜ್ಜೆ ಮುಂದೆ. ನೀರು ಹೊರಟಾಗ ಗೊತ್ತಾಯಿತು, ತೋಡಿದ ಕಾಲುವೆ ಸಣ್ಣದು ಅಂತ.

ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಈ ರೀತಿ ಮೊದಲೇ ಪಡೆದ ದುಡ್ಡಿನ ಒಂದು ಭಾಗವನ್ನು ಟೆಸ್ಲಾ ತನ್ನ ಲೆಕ್ಕದ ಪುಸ್ತಕದಲ್ಲಿ ಆದಾಯ ಅಂತ ತಕ್ಷಣ ತೋರಿಸುವುದಿಲ್ಲ. ಕೊಡಬೇಕಾದ ಕೆಲಸ ಬಾಕಿ ಇದೆ ಎಂದು ಪಕ್ಕಕ್ಕೆ ಇಡುತ್ತದೆ. ಸೌಲಭ್ಯ ಬಿಡುಗಡೆಯಾದಾಗ ಆದಾಯಕ್ಕೆ ಸೇರಿಸುತ್ತದೆ. ಅಂದರೆ ಲೆಕ್ಕಿಗರ ಕಣ್ಣಲ್ಲಿ ಇದು ಬಾಕಿ. ಷೋರೂಮಿನಲ್ಲಿ ಮಾತ್ರ ಅದು ‘ಫೀಚರ್’.

2026ರ ಜನವರಿಯಲ್ಲಿ ಮಸ್ಕ್ ಇನ್ನೊಂದು ಘೋಷಣೆ ಮಾಡಿದರು. ಫೆಬ್ರುವರಿ 14ರ ನಂತರ ಒಂದೇ ಸಲ ಕೊಳ್ಳುವ ಅವಕಾಶ ಇರುವುದಿಲ್ಲ, ತಿಂಗಳ ಚಂದಾ ಮಾತ್ರ ಎಂದು. ಹಲವರಿಗೆ ಸಿಟ್ಟು ಬಂತು. ನನಗೆ ಮಾತ್ರ ಇದು ಹೆಚ್ಚು ಪ್ರಾಮಾಣಿಕ ವ್ಯಾಪಾರ ಅನ್ನಿಸುತ್ತದೆ. 8,000 ಡಾಲರನ್ನು 99ರಿಂದ ಭಾಗಿಸಿ ನೋಡಿ. ಸುಮಾರು 81 ತಿಂಗಳು, ಆರೂಮುಕ್ಕಾಲು ವರ್ಷ. ಅಷ್ಟು ಕಾಲ ಒಂದೇ ಕಾರು ಇಟ್ಟುಕೊಂಡು, ಪ್ರತಿ ತಿಂಗಳೂ ಅದನ್ನು ಬಳಸಿದರೆ ಮಾತ್ರ ಕೊಂಡದ್ದು ಲಾಭ. ಚಂದಾ ಆದರೆ ಇಷ್ಟವಾಗದ ತಿಂಗಳು ನಿಲ್ಲಿಸಬಹುದು. ಭರವಸೆ ಕೊಟ್ಟವರಿಗೆ ಪ್ರತಿ ತಿಂಗಳೂ ಪರೀಕ್ಷೆ. ಕಂಪನಿಗೂ ಇದರಲ್ಲಿ ಒಂದು ಅನುಕೂಲ ಇದೆ ಬಿಡಿ. ಚಂದಾ ಕಟ್ಟಿದವರಿಗೆ ‘ಮುಂದೊಂದು ದಿನ’ ಎಂಬ ಹಳೆ ಸಾಲ ತೀರಿಸಬೇಕಾಗಿಲ್ಲ.

ಹಾಗಂತ ಎಲ್ಲದಕ್ಕೂ ಚಂದಾ ಅಂದರೆ ಜನ ಒಪ್ಪುವುದಿಲ್ಲ. ಬಿಎಂಡಬ್ಲ್ಯು 2022ರಲ್ಲಿ ಕೆಲವು ದೇಶಗಳಲ್ಲಿ ಸೀಟು ಬೆಚ್ಚಗೆ ಮಾಡುವುದಕ್ಕೂ ತಿಂಗಳ ದುಡ್ಡು ಕೇಳಿತು. ಬೈಗುಳ ತಿಂದು ಮರುವರ್ಷ ಕೈಬಿಟ್ಟಿತು. ಬಳ್ಳಾರಿಯಲ್ಲಿ ಅದನ್ನು ಮಾರಲು ಬರಬೇಕಿತ್ತು. ಏಪ್ರಿಲ್ ತಿಂಗಳಲ್ಲಿ ಮೋತಿ ಸರ್ಕಲ್‌ನಲ್ಲಿ ಹತ್ತು ನಿಮಿಷ ಗಾಡಿ ನಿಲ್ಲಿಸಿದರೆ ಸೀಟು ಪುಕ್ಕಟೆ ಬಿಸಿ.

ಬೇರೆ ದಾರಿ ಹಿಡಿದವರೂ ಇದ್ದಾರೆ. ಅಮೆರಿಕದ ವೇಮೊ ಕಂಪನಿ ಗಿರಾಕಿಗೆ ಕಾರನ್ನೇ ಮಾರುವುದಿಲ್ಲ. 2020ರಿಂದ ಫೀನಿಕ್ಸ್ ನಗರದ ಸುತ್ತಮುತ್ತ ಡ್ರೈವರ್ ಇಲ್ಲದ ಟ್ಯಾಕ್ಸಿಯನ್ನು ಸಾಮಾನ್ಯ ಜನರಿಗೆ ಓಡಿಸುತ್ತಿದೆ. ಕ್ಯಾಮೆರಾ, ರಾಡಾರ್ ಜೊತೆಗೆ ಲೇಸರ್ ಕಿರಣದಿಂದ ಅಳೆಯುವ ಲೈಡಾರ್ ಕೂಡ ಅದರಲ್ಲಿದೆ. ನಕ್ಷೆ ಮಾಡಿಕೊಂಡ ಪ್ರದೇಶ ಬಿಟ್ಟು ಆಚೆ ಹೋಗುವುದಿಲ್ಲ. ಗಿರಾಕಿ ಕೊಡುವುದು ಅವತ್ತಿನ ಸವಾರಿಯ ಬಾಡಿಗೆ. ತಪ್ಪಾದರೆ ಹೊಣೆ ಯಾರದು ಎಂಬ ಗೊಂದಲವೂ ಕಡಿಮೆ. ಚೀನಾದ ಬಿವೈಡಿ 2025ರ ಫೆಬ್ರುವರಿಯಲ್ಲಿ ತನ್ನ ಅಗ್ಗದ ಕಾರುಗಳಿಗೂ ಚಾಲಕ ನೆರವಿನ ವ್ಯವಸ್ಥೆಯನ್ನು ಬೇರೆ ದುಡ್ಡಿಲ್ಲದೆ ಸೇರಿಸುತ್ತೇವೆ ಎಂದಿತು. ಅಲ್ಲಿ ಒಬ್ಬರು ಪುಕ್ಕಟೆ ಕೊಡುವುದಕ್ಕೆ ಇಲ್ಲಿ ಇನ್ನೊಬ್ಬರು ಆರು ಲಕ್ಷ ಕೇಳಿದರೆ, ಬೆಲೆ ನಿಂತಿರುವುದು ತಯಾರಿಕೆಯ ಖರ್ಚಿನ ಮೇಲಾ, ನಮ್ಮ ಆಸೆಯ ಮೇಲಾ?

ಅದೇ ವರ್ಷ ಮಾರ್ಚ್‌ನಲ್ಲಿ ಚೀನಾದಲ್ಲಿ ಶಿಯೋಮಿ ಕಂಪನಿಯ ಕಾರೊಂದು ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕು ಮೂವರು ಸತ್ತರು. ಡಿಕ್ಕಿಗೆ ಕೆಲವು ಕ್ಷಣ ಮೊದಲಿನವರೆಗೂ ನೆರವಿನ ವ್ಯವಸ್ಥೆ ಚಾಲೂ ಇತ್ತು. ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಜಾಹೀರಾತಿನಲ್ಲಿ ‘ಸ್ವಯಂಚಾಲನೆ’ಯಂಥ ಪದ ಬಳಸಬೇಡಿ ಎಂದು ಕಂಪನಿಗಳಿಗೆ ತಾಕೀತು ಮಾಡಿತು. ಹೆಸರಿಡುವುದೂ ಸುರಕ್ಷತೆಯ ವಿಷಯವೇ ಎಂದು ಒಪ್ಪಿಕೊಂಡ ಹಾಗಾಯಿತು.

ನಮ್ಮ ಬಿಲ್ಲಿನಲ್ಲಿ ಅಡಾಸ್ ಎಲ್ಲಿ ಅಡಗಿದೆ?

ಟೆಸ್ಲಾ ಕೊಳ್ಳುವವರು ನಮ್ಮ ಕಡೆ ಎಷ್ಟು ಜನ ಇದ್ದಾರು? ನಮಗೆ ತಟ್ಟುವ ಲೆಕ್ಕ ದೇಶಿ ಕಾರುಗಳದ್ದು. 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700 ಬಂದ ಮೇಲೆ ಅಡಾಸ್ ಎಂಬ ಪದ ಊರೂರಿಗೆ ತಲುಪಿತು. ಈಗ ಟಾಟಾ, ಮಹೀಂದ್ರಾ, ಎಂಜಿ, ಹ್ಯುಂಡೈ ಎಲ್ಲರ ಎಲೆಕ್ಟ್ರಿಕ್ ಕಾರಲ್ಲೂ ಇದೆ. ಆದರೆ ಸಾಮಾನ್ಯವಾಗಿ ಮೇಲಿನ ವೇರಿಯಂಟ್‌ನಲ್ಲಿ. ಅಡಾಸ್ ಒಂದೇ ಸಾಕು ಅಂದರೆ ಕೊಡುವುದಿಲ್ಲ. ಗಾಜಿನ ಛಾವಣಿ, ದೊಡ್ಡ ಸ್ಪೀಕರ್, ಬಣ್ಣದ ದೀಪ ಎಲ್ಲ ಸೇರಿಸಿ ಒಂದೇ ಮೂಟೆ.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಗಂಟು ಇದೆ. 2024ರಲ್ಲಿ ರಾಜ್ಯ ಸರ್ಕಾರ ₹25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ. 10 ಆಜೀವ ತೆರಿಗೆ ಹಾಕಿತು. ಅದರೊಳಗಿನವಕ್ಕೆ ಆಗ ವಿನಾಯಿತಿ ಉಳಿಯಿತು. 2024ರ ಆ ನಿಯಮದ ಲೆಕ್ಕ ಹಿಡಿದು ನೋಡಿ. ಅಡಾಸ್ ಇಲ್ಲದ ವೇರಿಯಂಟ್ ₹24.5 ಲಕ್ಷ, ಇರುವುದು ₹26.5 ಲಕ್ಷ ಅಂದುಕೊಳ್ಳಿ. ವ್ಯತ್ಯಾಸ ಎರಡೇ ಲಕ್ಷ ಅನ್ನಿಸುತ್ತದೆ. ಗೆರೆ ದಾಟಿದ ತಕ್ಷಣ ತೆರಿಗೆ ₹2.65 ಲಕ್ಷ. ಆ ಎರಡು ಲಕ್ಷದ ಸೌಲಭ್ಯ ಕೈಗೆ ಬರುವಾಗ ₹4.65 ಲಕ್ಷ. ಶೋರೂಮಿನ ಹುಡುಗ ಇದನ್ನು ತಾನಾಗಿ ಹೇಳುವುದಿಲ್ಲ. ಅಂತಿಮ ಕೊಟೇಶನ್ ಎರಡೂ ವೇರಿಯಂಟಿಗೆ ಪಕ್ಕಪಕ್ಕ ಬರೆಸಿಕೊಂಡರೆ ಕಾಣುತ್ತದೆ.

ಕೊಂಡ ಮೇಲಿನ ಖರ್ಚಿನ ಬಗ್ಗೆ ನನ್ನದೇ ಅನುಭವ ಹೇಳಬೇಕು. ಹೋದ ವರ್ಷ ಸಂಡೂರು ರಸ್ತೆಯಲ್ಲಿ ಅದಿರು ಲಾರಿಯಿಂದ ಒಂದು ಕಲ್ಲು ಚಿಮ್ಮಿ ಮುಂದಿನ ಗಾಜು ಸೀಳಿತು. ಮೊದಲಿನ ಕಾರಾಗಿದ್ದರೆ ಸಂಜೆಯೊಳಗೆ ಹೊಸ ಗಾಜು ಕೂರಿಸಿ ಕಳಿಸುತ್ತಿದ್ದರು. ಇದರಲ್ಲಿ ಅಡಾಸ್ ಕ್ಯಾಮೆರಾ ಇರುವುದೇ ಗಾಜಿನ ಹಿಂದೆ, ಒಳಗನ್ನಡಿಯ ಹತ್ತಿರ. ಗಾಜು ಬದಲಿಸಿದರೆ ಕ್ಯಾಮೆರಾದ ಕೋನ ಕೂದಲೆಳೆಯಷ್ಟು ಸರಿಯಬಹುದು. ಅಷ್ಟು ಸರಿದರೆ ನೂರು ಮೀಟರ್ ದೂರದ ಲಾರಿ ಪಕ್ಕದ ಪಥದಲ್ಲಿ ಇದ್ದ ಹಾಗೆ ಕಾಣಬಹುದು. ಅದಕ್ಕೆ ಚೌಕುಳಿ ಬೋರ್ಡು ಮುಂದಿಟ್ಟು ಅಳತೆ ಕೂಡಿಸಬೇಕು. ಕ್ಯಾಲಿಬ್ರೇಶನ್ ಅನ್ನುತ್ತಾರೆ. ನಾನು ಹೋದ ಸರ್ವಿಸ್ ಸೆಂಟರಿನಲ್ಲಿ ಆ ಸಾಮಾನು ಇರಲಿಲ್ಲ. ಹುಬ್ಬಳ್ಳಿಗೆ ಹೋಗಿ ಅಂದರು. ಎರಡು ದಿನ ಅಡಾಸ್ ಬಂದ್ ಮಾಡಿಕೊಂಡು, ಕೊಪ್ಪಳ, ಗದಗ ದಾಟಿ ಹೋಗಿಬಂದೆ. ಕಾರು ಕೊಳ್ಳುವಾಗ ಯಾರೂ ಇದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಇನ್ನು ‘ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ’ ಎಂಬ ಮಾತು. ಕಾರಿಂದ ಇಳಿದು ಮೊಬೈಲಿನಿಂದಲೇ ಪಾರ್ಕ್ ಮಾಡುವ ಸೌಲಭ್ಯ ಮೂರು ತಿಂಗಳಲ್ಲಿ ಬರುತ್ತದೆ ಎಂದು ನನಗೆ ಹೇಳಿದ್ದರು. ಬಂದದ್ದು ಹದಿನಾಲ್ಕು ತಿಂಗಳಿಗೆ. ಬಂದಾಗ ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಪ್ರಯತ್ನಿಸಿದೆ. ಮಕ್ಕಳು ಕುತೂಹಲಕ್ಕೆ ಸುತ್ತ ನಿಂತರು. ಸುತ್ತ ಜನ ಇದ್ದಾರೆ ಅಂತ ಕಾರು ನಿಂತೇಬಿಟ್ಟಿತು. ಅದರ ತಪ್ಪಿಲ್ಲ. ಆದರೆ ಆ ಸೌಲಭ್ಯಕ್ಕೂ ಸೇರಿಸಿ ನಾನು ಹದಿನಾಲ್ಕು ತಿಂಗಳು ಬ್ಯಾಂಕಿಗೆ ಕಂತು ಕಟ್ಟಿದ್ದೆ.

ಹಳೆ ಕಾರು ಮಾರುವಾಗಲೂ ಈ ದುಡ್ಡು ವಾಪಸ್ ಬರುವುದು ಕಷ್ಟ. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಗಾಡಿ ನೋಡುವವರು ಕೇಳುವುದು ಬ್ಯಾಟರಿ ಹೇಗಿದೆ, ಎಷ್ಟು ಕಿಲೋಮೀಟರ್ ಓಡಿದೆ, ಇಷ್ಟೇ. ಆರು ಲಕ್ಷದ ಉದಾಹರಣೆಗೇ ವಾಪಸ್ ಬರೋಣ. ಅದೇ ದುಡ್ಡನ್ನು ಬ್ಯಾಂಕಿನಲ್ಲಿ ಶೇ. 7ಕ್ಕೆ ಇಟ್ಟರೆ ವರ್ಷಕ್ಕೆ 42,000 ರೂಪಾಯಿ. ಸಾಫ್ಟ್‌ವೇರ್ ಬರಲು ಎರಡು ವರ್ಷ ತಡವಾದರೆ ಬಡ್ಡಿಯೇ 84,000 ಹೋಯಿತು. ಅಸಲು ಕಾರಿನೊಳಗೆ ಕೂತಿರುತ್ತದೆ.

ಅಪಘಾತವಾದರೆ, ಮಾತು ತಪ್ಪಿದರೆ

ಭಾರತದಲ್ಲಿ ಕಾನೂನು ಸದ್ಯಕ್ಕೆ ಸರಳ. ಲೈಸೆನ್ಸ್ ಇಟ್ಟುಕೊಂಡು ಸ್ಟಿಯರಿಂಗ್ ಮುಂದೆ ಕೂತವರೇ ಚಾಲಕರು. 1988ರ ಮೋಟಾರು ವಾಹನ ಕಾಯ್ದೆಯ ಮುಂದೆ ‘ಗಾಡಿ ತಾನೇ ಓಡುತ್ತಿತ್ತು’ ಎಂಬ ಉತ್ತರ ನಡೆಯುವುದಿಲ್ಲ. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2023ರ ಡಿಸೆಂಬರ್‌ನಲ್ಲಿ ನಾಗ್ಪುರದಲ್ಲಿ, ಡ್ರೈವರ್ ಇಲ್ಲದ ಕಾರುಗಳನ್ನು ಬರಲು ಬಿಡುವುದಿಲ್ಲ, ಡ್ರೈವರುಗಳ ಕೆಲಸ ಹೋಗುತ್ತದೆ ಎಂದು ಹೇಳಿದ್ದರು. ಅವರ ವಾದ ಸರಿಯೋ ತಪ್ಪೋ ಬೇರೆ ಮಾತು. ಸರ್ಕಾರವೇ ಬಾಗಿಲು ಹಾಕಿ ನಿಂತಿರುವಾಗ ಒಳಗೆ ಹೋಗುವ ಟಿಕೆಟ್ಟನ್ನು ಮೊದಲೇ ಮಾರುವುದು ವಿಚಿತ್ರ.

ಅಮೆರಿಕದಲ್ಲಿ ಗಾಳಿ ಸ್ವಲ್ಪ ತಿರುಗುತ್ತಿದೆ. 2019ರಲ್ಲಿ ಫ್ಲಾರಿಡಾದಲ್ಲಿ ಆಟೋಪೈಲಟ್ ಚಾಲೂ ಇದ್ದ ಟೆಸ್ಲಾ ಕಾರು ನಿಂತಿದ್ದ ಗಾಡಿಗೆ ಗುದ್ದಿ, ಪಕ್ಕದಲ್ಲಿದ್ದ ಯುವತಿ ಸತ್ತಳು. ಚಾಲಕ ಕೆಳಗೆ ಬಿದ್ದ ಫೋನ್ ಎತ್ತಿಕೊಳ್ಳುತ್ತಿದ್ದ. 2025ರ ಆಗಸ್ಟ್‌ನಲ್ಲಿ ಮಯಾಮಿಯ ಜ್ಯೂರಿ, ಮೂರನೇ ಒಂದು ಭಾಗ ತಪ್ಪು ಕಂಪನಿಯದು ಎಂದಿತು. ದಂಡವೂ ಸೇರಿ ಕಂಪನಿ ಕೊಡಬೇಕಾದದ್ದು ಸುಮಾರು 24.3 ಕೋಟಿ ಡಾಲರ್ ಎಂದು ತೀರ್ಪಾಯಿತು. ಮೇಲ್ಮನವಿ ಹೋಗುತ್ತೇವೆ ಎಂದಿತು ಕಂಪನಿ. ಹೆಚ್ಚಿನ ಹೊಣೆ ಅಲ್ಲೂ ಚಾಲಕನ ಮೇಲೇ ಬಿತ್ತು ಎಂಬುದನ್ನು ಮರೆಯಬಾರದು.

ಭರವಸೆ ಕೊಟ್ಟು ತಪ್ಪಿದರೆ? ಇಲ್ಲಿ ನಮ್ಮ ಕೈಯಲ್ಲಿ ಒಂದು ಒಳ್ಳೆ ಆಯುಧ ಇದೆ, ಬಳಸುವವರು ಕಡಿಮೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತನ್ನು ತಪ್ಪು ಎಂದು ಸ್ಪಷ್ಟವಾಗಿ ಹೇಳುತ್ತದೆ. ದೂರು ಕೊಡಲು ಕಂಪನಿ ಇರುವ ಊರಿಗೆ ಹೋಗಬೇಕಾಗಿಲ್ಲ. ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕೊಟ್ಟ ಬೆಲೆ ₹50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೇ ಅಧಿಕಾರ. ಎರಡು ವರ್ಷದೊಳಗೆ ಹೋಗಬೇಕು. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು.

ತೊಡಕು ಎಲ್ಲಿ ಅಂದರೆ ಸಾಕ್ಷಿಯಲ್ಲಿ. ಶೋರೂಮಿನಲ್ಲಿ ಬಾಯಿಮಾತಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಬುಕ್‌ಲೆಟ್ಟಿನ ಕೊನೆಯಲ್ಲಿ ‘ಸೌಲಭ್ಯಗಳು ಬದಲಾಗಬಹುದು’ ಎಂಬ ಸಣ್ಣ ಅಕ್ಷರ ಇದ್ದೇ ಇರುತ್ತದೆ. ಎರಡು ವರ್ಷ ಯಾವಾಗಿನಿಂದ ಎಣಿಸಬೇಕು? ಕಾರು ಕೊಂಡ ದಿನದಿಂದಲೋ, ಮಾತು ತಪ್ಪಿದ ದಿನದಿಂದಲೋ? ತಾರೀಖೇ ಹೇಳದ ಮಾತು ತಪ್ಪಿದ್ದು ಯಾವತ್ತು ಅಂತ ವಕೀಲರು ವಾದ ಮಾಡುತ್ತಾ ಕೂರಬಹುದು. ಅದಕ್ಕೇ ಕೊಳ್ಳುವ ದಿನವೇ ವಾಟ್ಸಾಪಿನಲ್ಲೋ ಇಮೇಲಿನಲ್ಲೋ ಬರೆಸಿಕೊಳ್ಳಿ ಅನ್ನುತ್ತೇನೆ. ಇವತ್ತು ಕೆಲಸ ಮಾಡುವುದು ಯಾವುದು, ಮುಂದೆ ಬರುವುದು ಯಾವುದು, ಯಾವ ತಿಂಗಳು. ಆ ಸಂದೇಶವನ್ನು ಅಳಿಸಬೇಡಿ. ಟೆಸ್ಟ್ ಡ್ರೈವನ್ನು ಶೋರೂಮಿನ ಮುಂದಿನ ಡಬಲ್ ರೋಡಲ್ಲಿ ಮುಗಿಸಬೇಡಿ. ನೀವು ದಿನಾ ಹೋಗುವ ರಸ್ತೆಗೆ, ಸಾಧ್ಯವಾದರೆ ಕತ್ತಲಾದ ಮೇಲೆ, ತಗೊಂಡು ಹೋಗಿ. ದೀಪ ಇಲ್ಲದ ಟ್ರ್ಯಾಕ್ಟರ್ ಟ್ರೈಲಿ ಎದುರಾದಾಗ ನಿಮ್ಮ ಕಾಲು ಬ್ರೇಕ್ ಮೇಲೇ ಇರಲಿ. ಆದರೆ ಗಾಡಿ ಏನು ಹೇಳುತ್ತದೆ ನೋಡಿ.

ಸಾಹುಕಾರರು ಹೋದ ವಾರ ಫೋನ್ ಮಾಡಿದ್ದರು. ಟೆಸ್ಲಾ ಯೋಚನೆ ಬಿಟ್ಟಾಯಿತು. ದೇಶಿ ಕಂಪನಿಯ ಶೋರೂಮಿಗೆ ಹೋಗಿ, ಅಡಾಸ್ ಇರುವ ವೇರಿಯಂಟಿನ ಪಟ್ಟಿ ತರಿಸಿ, ‘ಶೀಘ್ರದಲ್ಲಿ’ ಎಂದಿದ್ದ ಮೂರು ಸಾಲುಗಳ ಪಕ್ಕ ತಾರೀಖು ಬರೆದು ಸಹಿ ಹಾಕಿ ಅಂದರಂತೆ. ಹುಡುಗ ಮ್ಯಾನೇಜರ್ ಹತ್ತಿರ ಹೋದ. ಮ್ಯಾನೇಜರ್ ಬಂದು ಕಾಫಿ ತರಿಸಿದ. ಕಾಫಿ ಮುಗಿದ ಮೇಲೆ ಆ ಮೂರು ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ಇಪ್ಪತ್ತೈದು ಸಾವಿರ ಕಡಿಮೆ ಮಾಡಿಕೊಟ್ಟನಂತೆ.

"ಗಾಡಿ ಬುಕ್ ಮಾಡಿದ್ರೇನ್ರಿ?" ಎಂದು ಕೇಳಿದೆ.

"ಮಾಡಿದೆ. ತಾನೇ ಬ್ರೇಕ್ ಹಾಕೋದು ಐತಲ್ಲ, ಅದು ಇರ್ಲಿ ಅಂತ. ನಮ್ಮ ಡ್ರೈವರ್ನ ಕರ್ಕೊಂಡು ಸಿಂಧನೂರ್ ರೋಡಿಗೆ ಟೆಸ್ಟಿಗೆ ಹೋಗಿದ್ವಿ. ಕಣ ಬಂದ ತಕ್ಷಣ ಅವನು ಮಾಡಿದ ಮೊದಲ್ನೇ ಕೆಲಸ ಏನ್ ಗೊತ್ತಾ? ಆ ಗೆರೆ ಹಿಡಿಯೋ ಬಟನ್ ಆಫ್ ಮಾಡಿದ. ಯಾಕೋ ಅಂದ್ರೆ, ಅಪ್ಪಾರೆ ಇದು ನನ್ ಕೈ ಎಳೀತೈತಿ ಅಂದ."